ಅಳಿಯ ಕೇಳಿದ ಖಣಿ

ವಿಜಾಪುರ ರಸ್ತೆ, ಸೊಲ್ಲಾಪುರ
೮ ನವೆಂಬರ್ ೧೯೭೫

ನನ್ನ ಮಾವಶಿಗೆ ದ್ವಾರಕಾಳ ನಮಸ್ಕಾರ.

ನಿನ್ನೆ ಸಂಜೆ ಬಂದು ಮುಟ್ಟಿದೆವು. ನೀನು ಕಟ್ಟಿಕೊಟ್ಟ ಕರ್ಜಿಕಾಯಿ ಅಕ್ಕಲಕೋಟ ದಾಟುವ ಮೊದಲೇ ಅರ್ಧ ಖಾಲಿಯಾಗಿತ್ತು. ತಿಂದವಳು ನಾನಲ್ಲ, ನಿನ್ನ ಅಳಿಯ. ಹಾಸ್ಟೆಲಿನಲ್ಲಿದ್ದಾಗ ಇಷ್ಟು ಸಂತೋಷವಾದರೆ ಇಂಗ್ಲಿಷಿನಲ್ಲಿ ಡೈರಿ ಬರೆಯುತ್ತಿದ್ದೆ. ಈಗ ಡೈರಿ ಬೇಡ, ನೀನಿದ್ದೀ. ತಪ್ಪಿದ್ದರೆ ತಿದ್ದಿಕೊಂಡು ಓದು. ನನ್ನ ಕನ್ನಡವೆಲ್ಲ ನೀನು ಬೇಸಿಗೆ ರಜೆಯಲ್ಲಿ ಕಟ್ಟೆಯ ಮೇಲೆ ಕೂರಿಸಿ ಕಲಿಸಿದ್ದಷ್ಟೇ.

ನೀನೂ ಅಲ್ಲೇ ಇದ್ದೆ, ಎಲ್ಲವನ್ನೂ ನೋಡಿದ್ದೀ, ಆದರೂ ಇನ್ನೊಮ್ಮೆ ಹೇಳದೆ ಇರಲಾರೆ. ಮೊದಲ ದೀಪಾವಳಿಗೆ ಬಂದ ಅಳಿಯ ತಾಟಿನ ಮುಂದೆ ಮುನಿಸಿಕೊಂಡು ಕೂರಬೇಕು, ಬೇಕಾದದ್ದು ಕೊಟ್ಟ ಮೇಲೆಯೇ ತುತ್ತು ಎತ್ತಬೇಕು ಎಂದು ಗೊತ್ತಿತ್ತು. ಆದರೆ ಇವರು ಇಷ್ಟು ಚೆಂದ ಮುನಿಸಿಕೊಳ್ಳುತ್ತಾರೆ ಎಂದು ಗೊತ್ತಿರಲಿಲ್ಲ. ಬಸಣ್ಣ ಎತ್ತಿಗೆ ಮೇವು ಹಾಕುವುದನ್ನು ಬಿಟ್ಟು ಬಾಗಿಲಿಗೆ ಬಂದು, "ಅಳಿಯಂದ್ರಿಗೆ ಫಟಫಟಿ ಗಾಡಿ ಬೇಕಾಗಿರಬೇಕ್ರಿ ಅಕ್ಕಾರ, ಉಂಗುರಕ್ಕ ಏಳೂದಿಲ್ಲ ಅವ್ರು," ಎಂದನಲ್ಲ. ನೀನು ಉಂಗುರದ ಡಬ್ಬಿ ಹಿಡಿದು ನಿಂತೇ ಇದ್ದೆ. ಆಗ ಇವರು, "ಉಂಗುರ ಬ್ಯಾಡ್ರಿ. ನಿಮ್ಮ ಹೊಲದಾಗಿನ ಖಣಿ ಕೊಡ್ರಿ," ಎಂದರು. ನೀನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು, "ತೊಗೊಳ್ಳಪ್ಪಾ, ಅದನ್ನ ಹೊತಗೊಂಡ ಹೋಗಾವ್ರು ಯಾರೂ ಸಿಕ್ಕಿರಲಿಲ್ಲ ನಮಗ," ಎಂದೆ. ಓಣಿಯವರಿಗೆಲ್ಲ ಕೇಳುವಂತೆ ನಕ್ಕೆವು.

ಮಾವಶಿ, ಇವರು ತಮಾಷೆ ಮಾಡಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು. ಆ ಕಲ್ಲಿನ ಖಣಿಯ ಕೆಲಸ ನಿಂತು ನಾಲ್ಕು ವರ್ಷವಾದರೂ ಅದರ ಸುತ್ತ ಬಿದ್ದಿರುವ ಆ ಬೂದು ಗುಡ್ಡೆಗಳು ಕಸವಲ್ಲವಂತೆ. ಕಲ್ಲುಪುಡಿಗೆ ಸಿಮೆಂಟು ಬೆರೆಸಿ ಅಚ್ಚಿಗೆ ಹಾಕಿದರೆ ಇಟ್ಟಿಗೆಗಿಂತ ಗಟ್ಟಿಯಾದ ಗೋಡೆಯಾಗುತ್ತದಂತೆ. ಗುಡ್ಡೆ ಹೋದ ಜಾಗದಲ್ಲಿ ಹೆಪ್ಪುಗಟ್ಟಿದ ಮೇಲ್ಪದರ ಕೆತ್ತಿ, ಕೆರೆಯ ಹೂಳು ಹರಡಿ, ಸೆಣಬು ಬಿತ್ತಿ, ಹೂ ಬಿಟ್ಟ ಕೂಡಲೇ ಅದನ್ನು ಉತ್ತು ಮಣ್ಣಿಗೆ ಸೇರಿಸಬೇಕಂತೆ. ಎರಡು ಮೂರು ವರ್ಷದಲ್ಲಿ ಜೋಳ ಬರುತ್ತದೆ ಎಂದರು. ಪುಣೆಯಲ್ಲಿ ರಸಾಯನಶಾಸ್ತ್ರ ಓದಿದವರು, ಸುಮ್ಮನೆ ಹೇಳುವುದಿಲ್ಲ. ನನ್ನ ಗೆಳತಿಯರ ಗಂಡಂದಿರು ಮೊದಲ ದೀಪಾವಳಿಗೆ ಗಡಿಯಾರ ಕೇಳಿದರು, ರೇಡಿಯೊ ಕೇಳಿದರು. ನನ್ನ ಗಂಡ ನಿನ್ನ ಕೆಟ್ಟ ನೆಲವನ್ನು ಕೇಳಿದರು. ಅವ್ವನ ತಂಗಿಯಾಗಿ ಅವ್ವನ ಜಾಗದಲ್ಲಿ ನಿಂತು ಇಂಥ ಮನುಷ್ಯನಿಗೆ ನನ್ನನ್ನು ಕೊಟ್ಟ ನಿನಗೆ ಏನು ಬರೆದರೂ ಸಾಲದು.

ನಿನ್ನ ದ್ವಾರಕಾ


ತಡವಳ
೧೬ ನವೆಂಬರ್ ೧೯೭೫

ಚಿ. ಸೌ. ದ್ವಾರಕಾಳಿಗೆ ಗಿರಿಜಾಬಾಯಿಯ ಆಶೀರ್ವಾದ.

ಪತ್ರ ಬಂತು. ಎರಡು ಸಲ ಓದಿದೆ. ತಿದ್ದುವಂಥದ್ದು ಏನೂ ಇಲ್ಲ, ಸ್ವಲ್ಪ ನಿಧಾನವಾಗಿ ಬರೆ.

ಅಳಿಯಂದಿರು ಕೆಲಸ ಶುರು ಮಾಡಲಿ. ಕಾಗದ ಮಾಡಿಸಬೇಕೇ ಎಂದು ಅವರು ಕೇಳಿದರೆ ಬೇಡವೆಂದು ಹೇಳು. ದೀಪಾವಳಿಗೆ ಅಳಿಯನಿಗೆ ಕೊಟ್ಟದ್ದಕ್ಕೆ ನಮ್ಮಲ್ಲಿ ಯಾರೂ ಕಾಗದ ಮಾಡಿಸುವುದಿಲ್ಲ. ನಾನು ಕೇಳಿದರೆ ನಾಲ್ಕು ಮಂದಿ ನಗುತ್ತಾರೆ.

ಹನ್ನೆರಡು ವರ್ಷ ಕಲ್ಲು ಒಡೆಯುವ ಆ ಖಡಿ ಮಿಷನ್ ತಿರುಗಿತು. ಮೂರು ಎಕರೆಯ ಮೇಲೆ ಪುಡಿ ಕುಳಿತು ಮಳೆಗೆ ಹೆಪ್ಪುಗಟ್ಟಿದೆ. ನೇಗಿಲು ಹಾಯಿಸಿದರೆ ಕಲ್ಲಿನ ಮೇಲೆ ಹಾಯಿಸಿದ ಹಾಗೆ ಸದ್ದು ಬರುತ್ತದೆ. ಅದು ಮತ್ತೆ ಮಣ್ಣಾಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ಒಂದು ಮಾತನ್ನು ಮಾತ್ರ ಅವರಿಗೆ ಹೇಳು. ಖಣಿಗೂ ನಮ್ಮ ಬಾವಿಗೂ ಒಳಗೇ ದಾರಿ ಇದೆ. ಮಳೆಗೆ ಖಣಿ ತುಂಬಿದ ಎರಡನೆಯ ದಿನ ಬಾವಿಯಲ್ಲಿ ಒಂದು ಮೆಟ್ಟಿಲು ಮುಳುಗುತ್ತದೆ. ಅಚ್ಚು ತೊಳೆದ ಸಿಮೆಂಟಿನ ನೀರನ್ನು ಖಣಿಗೆ ಬಿಡಬಾರದು. ಇಲ್ಲಿ ಕುಡಿಯುವುದು ಅದೇ ನೀರು. ಪಕ್ಕದ ಸಕ್ಕುಬಾಯಿಯ ಎಮ್ಮೆಗೂ ಅದೇ.

ಉಂಗುರವನ್ನು ತೆಗೆದಿಟ್ಟಿದ್ದೇನೆ. ಬಂದಾಗ ಒಯ್ಯಿ.

ಗಿರಿಜಾಬಾಯಿ


ಸೊಲ್ಲಾಪುರ
೨೫ ನವೆಂಬರ್ ೧೯೭೫

ನನ್ನ ಮಾವಶಿಗೆ,

ನಿನ್ನ ಪತ್ರವನ್ನು ಚಹಾದ ಹೊತ್ತಿನಲ್ಲಿ ಇವರಿಗೆ ಗಟ್ಟಿಯಾಗಿ ಓದಿದೆ. ಬಾವಿಯ ಮಾತು ಬಂದಾಗ ಬಸಿ ಕೆಳಗಿಟ್ಟು, "ಅಲ್ಲಿಂದ ಇನ್ನೊಮ್ಮೆ ಓದು," ಎಂದರು. ಓದಿದೆ. ನೀನು ಬರೆದ ಒಂದು ಸಾಲನ್ನೂ ಇವರು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ತಿಳಿಯಿತೇ. ಮಾವನವರು ಸಾತಲಿಂಗಪ್ಪನವರೂ ಅಲ್ಲೇ ಇದ್ದರು. ಕೇಳಿಸಿಕೊಂಡು, ಚಹಾ ಮುಗಿಸಿ ಎದ್ದರು. ನೀನು ನೋಡಿದ್ದೀಯಲ್ಲ, ಅವರದು ಮಾತು ಕಡಿಮೆ.

ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಬಣ್ಣದ ಕಾರಖಾನೆಗೆ ಮೊನ್ನೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ನಿಮ್ಮಲ್ಲಿಂದ ಒಂದು ಲಾರಿ ಕಲ್ಲುಪುಡಿ ಬಂದು ಬಿದ್ದಿತ್ತು. ಮರದ ಅಚ್ಚಿಗೆ ಮೊದಲ ಬೊಗಸೆ ನಾನೇ ಹಾಕಿದೆ. ಅಚ್ಚು ಎತ್ತಿದಾಗ ಒಂದು ಮೂಲೆ ಕುಸಿದು ಬಿತ್ತು, ಎಲ್ಲರೂ ನಕ್ಕರು, ಎರಡನೆಯದು ನೆಟ್ಟಗೆ ನಿಂತಿತು. ಕಾರಖಾನೆಯ ಹೊಸ ಕೋಣೆಗಳ ಗೋಡೆಯೆಲ್ಲ ಇದರಿಂದಲೇ ಆಗುತ್ತದಂತೆ. ತಡವಳದ ಕಲ್ಲು ಸೊಲ್ಲಾಪುರದಲ್ಲಿ ಗೋಡೆಯಾಗಿ ನಿಲ್ಲುತ್ತದೆ, ನನ್ನ ಹಾಗೆಯೇ.

ನೂಲಿಗೆ ಬಣ್ಣ ಹಾಕುವುದನ್ನು ನೀನು ನೋಡಬೇಕು. ಕಡಾಯಿಗಳಲ್ಲಿ ಕುಂಕುಮದಂಥದ್ದು, ನವಿಲಿನ ಕೊರಳಿನಂಥದ್ದು, ಬದನೆಕಾಯಿಯಂಥದ್ದು. ಹಿಂದುಗಡೆ ಒಂದು ಹೊಂಡವಿದೆ. ಎಲ್ಲ ಬಣ್ಣದ ನೀರೂ ಅಲ್ಲಿಗೆ ಬಂದು ತಳದಲ್ಲಿ ರಾಡಿ ಕೂರುತ್ತದೆ. ಇಷ್ಟು ಚೆಂದದ ಬಣ್ಣಗಳೆಲ್ಲ ಕೂಡಿ ಕಡೆಗೆ ಎಷ್ಟು ಹೊಲಸಾಗಿ ಕಾಣುತ್ತವೆ ನೋಡಿರಿ ಎಂದೆ. ಇವರು ನಗಲಿಲ್ಲ. ಕಾರಖಾನೆಯಲ್ಲಿ ಇವರು ಬೇರೆಯೇ ಮನುಷ್ಯ.

ದ್ವಾರಕಾ


ಸೊಲ್ಲಾಪುರ
೧೭ ಜನವರಿ ೧೯೭೬

ಮಾವಶಿ,

ಎಳ್ಳುಬೆಲ್ಲ ಕಳಿಸಿದ್ದೇನೆ. ಎರಡು ತಿಂಗಳಿಂದ ನೀನು ಒಂದು ಸಾಲು ಬರೆದಿಲ್ಲ. ಇವರು ಪ್ರತಿ ವಾರ ತಡವಳಕ್ಕೆ ಹೋಗಿ ಬಂದು ನಿನ್ನ ಸುದ್ದಿ ಹೇಳುತ್ತಾರೆ, ಅದಕ್ಕೇ ಬರೆಯುವ ಹೊರೆ ತಪ್ಪಿತೆಂದು ಕುಳಿತಿದ್ದೀಯಾ?

ನನ್ನ ದೊಡ್ಡ ಸುದ್ದಿ ಕೇಳು. ಮಾವನವರು ನನ್ನಿಂದ ಸರಕಾರಕ್ಕೆ ಇಂಗ್ಲಿಷಿನಲ್ಲಿ ಪತ್ರ ಬರೆಸಿದರು. ಕಾರಖಾನೆಯ ನೀರು ನಾಲಾಕ್ಕೆ ಬಿಡಬಾರದೆಂದು ಏನೋ ನೋಟೀಸು ಬಂದಿದೆಯಂತೆ. ಗುಮಾಸ್ತರ ಇಂಗ್ಲಿಷ್ ಇವರಿಗೆ ಸೇರುವುದಿಲ್ಲ. "ಕಾನ್ವೆಂಟಿನ ಸೊಸಿ ಇದ್ದಾಳ, ಆಕಿ ಬರೀಲಿ," ಎಂದು ಮಾವನವರು ಬಂದವರ ಮುಂದೆ ಹೇಳಿದಾಗ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವರು ಕನ್ನಡದಲ್ಲಿ ಹೇಳಿದರು, ನಾನು ಒಳ್ಳೆ ಒಳ್ಳೆ ಮಾತು ಹುಡುಕಿ ಬರೆದೆ. ನಮ್ಮ ಸಂಬಂಧಿಕರ ಹೊಲದಲ್ಲಿರುವ ಹಳೆಯ ಖಣಿಯನ್ನು ಮಾಲೀಕರ ಒಪ್ಪಿಗೆ ಪಡೆದು ಮಣ್ಣಿನಿಂದ ತುಂಬಿಸಿ, ಕೆಟ್ಟ ಭೂಮಿಯನ್ನು ಸುಧಾರಿಸುತ್ತಿದ್ದೇವೆ ಎಂದು. ಬರೆಯುವಾಗ ನಿನ್ನ ಮುಖವೇ ಕಣ್ಣ ಮುಂದೆ. ಸರಕಾರದ ಕಡತದಲ್ಲಿ ನಿನ್ನ ಹೊಲ ಸೇರಿತಲ್ಲ.

ಇನ್ನೊಂದು ಜಾಣತನ ನೋಡು. ಕಲ್ಲುಪುಡಿ ತರಲು ಬರುವ ಲಾರಿಗಳು ಈಗ ಇಲ್ಲಿಂದ ಖಾಲಿ ಹೋಗುವುದಿಲ್ಲ. ಖಣಿಗೆ ಭರ್ತಿ ಹಾಕಲು ಹಿಂದಿನ ಹೊಂಡದಿಂದ ತುಂಬಿಕೊಂಡು ಹೋಗುತ್ತವೆ, ಬರುವಾಗ ಪುಡಿ ತರುತ್ತವೆ. ವಾರಕ್ಕೆ ಆರು ಲಾರಿ. ವ್ಯಾಪಾರಸ್ಥರ ಮನೆಯಲ್ಲಿ ಒಂದು ಲಾರಿಯೂ ಖಾಲಿ ಓಡುವುದಿಲ್ಲ ಎಂದು ಅತ್ತೆ ನಗುತ್ತಾರೆ.

ಸಿಟ್ಟಿದ್ದರೆ ಸಿಟ್ಟಿನಲ್ಲೇ ಬರೆ. ಬರೆಯುವುದು ಮುಖ್ಯ.

ದ್ವಾರಕಾ


ತಡವಳ
೨೧ ಫೆಬ್ರವರಿ ೧೯೭೬

ಚಿ. ಸೌ. ದ್ವಾರಕಾಳಿಗೆ ಆಶೀರ್ವಾದ.

ಸಿಟ್ಟಿಲ್ಲ. ಹೊಲದಲ್ಲಿದ್ದೆ. ಈ ವಯಸ್ಸಿನಲ್ಲಿ ಬೆಳಗ್ಗೆ ಎದ್ದ ಕೂಡಲೇ ಹೊಲಕ್ಕೆ ಓಡುವ ಹಾಗಾಗಿದೆ.

ಸೆಣಬು ಹೂ ಬಿಟ್ಟಿದೆ. ಮೊದಲು ಕೆತ್ತಿದ ಅರ್ಧ ಎಕರೆ ತುಂಬ ಹಳದಿ. ಅಳಿಯಂದಿರು ತಾವೇ ಗುದ್ದಲಿ ಹಿಡಿದು ಬಸಣ್ಣನಿಗೆ ತೋರಿಸಿದರು, ಎಷ್ಟು ಆಳ ಕೆತ್ತಬೇಕು, ಹೂಳಿಗೆ ಎಷ್ಟು ತಿಪ್ಪೆ ಗೊಬ್ಬರ ಬೆರೆಸಬೇಕು ಎಂದು. ಅಂಗೈಯಲ್ಲಿ ಬೊಬ್ಬೆ ಬಂದಿತ್ತು. ಅರಿಷಿಣ ಹಚ್ಚಿ ಕಳಿಸಿದೆ. ಮೊನ್ನೆ ಒಂದು ಹಿಡಿ ಮಣ್ಣು ತೆಗೆದು ಮೂಸಿದೆ. ಮಣ್ಣಿನ ವಾಸನೆ ಇತ್ತು. ಹದಿನಾರು ವರ್ಷದ ಮೇಲೆ.

ಒಂದು ಮಾತು ಕೇಳುತ್ತೇನೆ. ಲಾರಿಯಲ್ಲಿ ಬರುವ ಭರ್ತಿ ಏನು? ಖಣಿಯ ಸುತ್ತ ತಂತಿ ಹಾಕಿದ್ದಾರೆ. ಬಸಣ್ಣ ಹತ್ತಿರ ಹೋದರೆ ಡ್ರೈವರ್ ಬಯ್ಯುತ್ತಾನೆ. ಗಾಳಿ ಈ ಕಡೆ ತಿರುಗಿದರೆ ಮೂಗು ಉರಿಯುತ್ತದೆ. ಅಳಿಯಂದಿರನ್ನು ನಾನೇ ಕೇಳಬಹುದಿತ್ತು. ಕೊಟ್ಟ ಮೇಲೆ ಕೇಳುವುದು ಚೆನ್ನಾಗಿ ಕಾಣುವುದಿಲ್ಲ. ನೀನು ಹೆಂಡತಿ, ಕೇಳಿ ಬರೆ.

ಗಿರಿಜಾಬಾಯಿ


ಸೊಲ್ಲಾಪುರ
೪ ಮಾರ್ಚ್ ೧೯೭೬

ನನ್ನ ಮಾವಶಿಗೆ,

ಹಳದಿ ಹೂವಿನ ಮಾತು ಓದಿ ನಾನು ಅತ್ತೆಯ ಮುಂದೆಯೇ ಕುಣಿದೆ. ಬೊಬ್ಬೆಯ ಮಾತನ್ನು ಇವರು ನನಗೆ ಹೇಳಿರಲೇ ಇಲ್ಲ. ಕೈ ಹಿಡಿದು ನೋಡಿದೆ, ಈಗ ಗಟ್ಟಿಯಾಗಿದೆ.

ಭರ್ತಿಯ ವಿಷಯ ಕೇಳಿದೆ. ಅದು ಕಾರಖಾನೆಯ ಮಣ್ಣು, ಸ್ವಲ್ಪ ಉಪ್ಪು, ಸೋಡಾ ಇರುತ್ತದೆ, ಬಿಸಿಲಿಗೆ ವಾಸನೆ ಹೋಗುತ್ತದೆ, ಮೇಲೆ ಗರಸು ಮಣ್ಣು ಹಾಕಿ ಮುಚ್ಚುತ್ತೇವೆ ಎಂದರು. ತಂತಿ ಹಾಕಿದ್ದು ದನಕರು ಬೀಳಬಾರದೆಂದು. ನೋಡು, ನಿನ್ನ ಹೆದರಿಕೆ ಎರಡು ನಿಮಿಷದಲ್ಲಿ ಮುಗಿಯಿತು. ಮುಂದಿನ ವಾರ ನಾವು ಮಹಾಬಳೇಶ್ವರಕ್ಕೆ ಹೋಗುತ್ತೇವೆ. ಮದುವೆಯಾಗಿ ಹತ್ತು ತಿಂಗಳ ಮೇಲೆ ಮಾವನವರು ರಜೆ ಕೊಟ್ಟರು. ನಿನಗೆ ಏನು ತರಲಿ? ಉಣ್ಣೆಯ ಶಾಲು ತರುತ್ತೇನೆ, ಬೇಡ ಅನ್ನಬೇಡ.

ನಾಗರ ಪಂಚಮಿಗೆ ಬಂದು ಹದಿನೈದು ದಿನ ಇರುತ್ತೇನೆ. ಸೆಣಬು ಉತ್ತ ಹೊಲದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತೇನೆ.

ದ್ವಾರಕಾ


ತಡವಳ
೧೯ ಜುಲೈ ೧೯೭೬

ಚಿ. ಸೌ. ದ್ವಾರಕಾಳಿಗೆ ಆಶೀರ್ವಾದ.

ಈ ಸಲ ಪಂಚಮಿಗೆ ಬರಬೇಡ. ಮನೆಗೆ ಸುಣ್ಣ ಹಚ್ಚಿಸುತ್ತಿದ್ದೇನೆ, ಕೂರಲು ಜಾಗವಿಲ್ಲ. ಶಾಲು ಮುಟ್ಟಿತು. ಬೆಚ್ಚಗಿದೆ.

ಗಿರಿಜಾಬಾಯಿ


ಸೊಲ್ಲಾಪುರ
೨೪ ಜುಲೈ ೧೯೭೬

ಮಾವಶಿ,

ಪಂಚಮಿಗೆ ಹೆಣ್ಣುಮಗಳಿಗೆ ಬರಬೇಡ ಎಂದು ಬರೆದವರು ಈ ಓಣಿಯಲ್ಲಿ ಯಾರೂ ಇಲ್ಲ. ಅತ್ತೆ ಪತ್ರ ಕೇಳಿ ನನ್ನ ಮುಖ ನೋಡಿದರು. ಮಳೆಗಾಲದಲ್ಲಿ ಯಾರು ಸುಣ್ಣ ಹಚ್ಚಿಸುತ್ತಾರೆ, ಮಾವಶಿ? ಸುಳ್ಳನ್ನಾದರೂ ನನಗೆ ನಂಬಲು ಬರುವ ಹಾಗೆ ಹೇಳಬೇಕಿತ್ತು.

ಅವ್ವ ತೀರಿದ ಮೇಲೆ ನನಗೆ ತವರು ಎಂದರೆ ನೀನೊಬ್ಬಳೇ. ಖಣಿ ಕೊಟ್ಟದ್ದಕ್ಕೆ ಈಗ ಮನಸ್ಸು ಒಡೆದಿದೆಯೇ? ಹೊಲ ಸುಧಾರಿಸಿತು ಎಂದ ಕೂಡಲೇ ಅಳಿಯ ಒಯ್ಯುತ್ತಾನೆ ಎಂಬ ಹೆದರಿಕೆಯೇ? ಇವರು ಈ ತಿಂಗಳೆಲ್ಲ ತಡವಳದ ಹೆಸರು ಎತ್ತಿದರೆ ಎದ್ದು ಹೋಗುತ್ತಾರೆ. ನೀನು ಅವರಿಗೆ ಏನು ಅಂದೆ? ನನ್ನ ಗಂಡ ನಿನ್ನ ಹೊಲದಲ್ಲಿ ಕೂಲಿಯವನಂತೆ ಅಗೆದದ್ದು ಇಷ್ಟಕ್ಕೇ ಏನು?

ಉಣ್ಣೆಯ ಶಾಲು ಮಾತ್ರ ಬೆಚ್ಚಗಿದೆ. ಒಳ್ಳೆಯದಾಯಿತು.

ದ್ವಾರಕಾ


ತಡವಳ
೬ ಆಗಸ್ಟ್ ೧೯೭೬

ಚಿ. ಸೌ. ದ್ವಾರಕಾಳಿಗೆ ಆಶೀರ್ವಾದ.

ಹೇಳಬಾರದೆಂದಿದ್ದೆ. ನೀನು ಬರೆದದ್ದನ್ನು ಓದಿದ ಮೇಲೆ ಹೇಳದೆ ಇರುವುದು ತಪ್ಪಾಗುತ್ತದೆ.

ಮೊದಲ ದೊಡ್ಡ ಮಳೆಗೆ ಖಣಿ ತುಂಬಿತು. ಎರಡನೆಯ ದಿನ ಬಾವಿಯಲ್ಲಿ ಮೆಟ್ಟಿಲು ಮುಳುಗಿತು. ಸೇದಿದ ಕೊಡದಲ್ಲಿ ನೀರು ಬದನೆಕಾಯಿ ಬಣ್ಣಕ್ಕಿತ್ತು. ಬಸಣ್ಣ ಬಾಯಿಗೆ ಹಾಕಿ ಉಗುಳಿದ, ನಾಲಿಗೆಯ ಮೇಲೆ ಗುಳ್ಳೆ ಎದ್ದವು. ಸಕ್ಕುಬಾಯಿಗೆ ಹೇಳುವಷ್ಟರಲ್ಲಿ ಅವಳ ಎಮ್ಮೆ ಕುಡಿದಾಗಿತ್ತು. ಗಬ್ಬದ ಎಮ್ಮೆ. ನಾಲ್ಕನೆಯ ದಿನ ಸತ್ತಿತು. ಸೆಣಬು ಉತ್ತ ಅರ್ಧ ಎಕರೆಗೆ ಜೋಳ ಬಿತ್ತಿದ್ದೆ, ಮುಂದೆ ಮಳೆ ತಡೆದಾಗ ಬೇರೆ ನೀರಿಲ್ಲದೆ ಅದೇ ಬಾವಿಯ ನೀರು ಹಾಯಿಸಿದೆ. ಗೇಣುದ್ದ ಬಂದು ತುದಿ ಸುಟ್ಟು ನಿಂತಿದೆ.

ನೀನು ಬಂದರೆ ಚಪ್ಪಲಿ ಬಿಡುವ ಮೊದಲೇ ಬಾವಿಯ ನೀರು ಕುಡಿಯುವವಳು. ಅದಕ್ಕೆ ಬರಬೇಡ ಎಂದೆ. ನಿನ್ನ ಸಂಸಾರಕ್ಕೆ ಈಗಷ್ಟೇ ಒಂದು ವರ್ಷ ದಾಟಿದೆ, ಅದರಲ್ಲಿ ಹುಳಿ ಹಿಂಡುವುದು ಬೇಡವೆಂದು ಕಾರಣ ಹೇಳಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಖಣಿಯನ್ನು ಹನ್ನೆರಡು ವರ್ಷ ಖಡಿಯವರಿಗೆ ಕೊಟ್ಟದ್ದು ನಿನ್ನ ಸಾಲಿಯ ಸಲುವಾಗಿ. ನಿನ್ನ ಹಾಸ್ಟೆಲು, ನಿನ್ನ ಬೂಟು, ನಿನ್ನ ಇಂಗ್ಲಿಷು ಎಲ್ಲ ಆ ತೆಗ್ಗಿನಿಂದ ಬಂದದ್ದು. ನೆಲ ಹಾಳಾಯಿತೆಂದು ನಾನು ಒಂದು ದಿನವೂ ಅತ್ತಿಲ್ಲ, ನೀನು ಓದಿದೆಯಲ್ಲ ಎಂದುಕೊಂಡೆ.

ಊರವರು ಸೇರಿ ಅಕ್ಕಲಕೋಟದ ತಾಲೂಕು ಕಚೇರಿಗೆ ಹೋಗಿದ್ದೆವು. ಅಲ್ಲಿಯ ಸಾಹೇಬರು ಕಾರಖಾನೆಯ ಇಂಗ್ಲಿಷ್ ಪತ್ರ ತೋರಿಸಿದರು. ಮಾಲೀಕರು ಒಪ್ಪಿದ್ದಾರೆ, ಹಾಕಿದ್ದು ಬರೇ ಮಣ್ಣು ಎಂದು ಅದರಲ್ಲಿದೆಯಂತೆ. ನಾನು ಒಪ್ಪಿದ್ದು ಖಣಿ ಕೊಡಲು, ರಾಡಿ ಸುರಿಯಲು ಅಲ್ಲ ಎಂದೆ. ಅದಕ್ಕೆ ಕಾಗದ ಎಲ್ಲಿ ಎಂದರು. ಕಾಗದ ಇಲ್ಲ. ನನ್ನ ಹತ್ತಿರ ಇರುವುದು ನಿನ್ನ ಪತ್ರಗಳು. ಹೊಂಡದ ರಾಡಿಯನ್ನು ತುಂಬಿ ಕಳಿಸುತ್ತಿದ್ದಾರೆ, ವಾರಕ್ಕೆ ಆರು ಲಾರಿ, ಬಾವಿಯ ಮಾತನ್ನು ಎರಡು ಸಲ ಓದಿಸಿದರು ಎಂದು ನೀನೇ ತಾರೀಖು ಹಾಕಿ ಬರೆದಿದ್ದೀ.

ನಿನ್ನನ್ನು ಕೇಳದೆ ಯಾರಿಗೂ ತೋರಿಸುವುದಿಲ್ಲ. ತೋರಿಸಲೇ?

ಗಿರಿಜಾಬಾಯಿ


ಸೊಲ್ಲಾಪುರ
೧೩ ಆಗಸ್ಟ್ ೧೯೭೬

ತೀರ್ಥಸ್ವರೂಪ ಗಿರಿಜಾಬಾಯಿಯವರಿಗೆ ಸಾಷ್ಟಾಂಗ ನಮಸ್ಕಾರ.

ತಮ್ಮ ಪತ್ರ ತಲುಪಿತು. ನಾನು ಮದುವೆಯಾದಂದಿನಿಂದ ಬರೆದ ಪತ್ರಗಳು ಮನೆಯ ಖಾಸಗಿ ಮಾತುಗಳಾಗಿದ್ದು, ಅವುಗಳನ್ನು ಹೊರಗಿನವರಿಗೆ ತೋರಿಸುವುದು ಯೋಗ್ಯವಲ್ಲ. ದಯವಿಟ್ಟು ಎಲ್ಲ ಪತ್ರಗಳನ್ನೂ ರಜಿಸ್ಟರ್ ಅಂಚೆಯಲ್ಲಿ ಹಿಂದಕ್ಕೆ ಕಳಿಸಬೇಕು. ಬಾವಿಯ ವಿಷಯದಲ್ಲಿ ಯೋಗ್ಯ ವ್ಯವಸ್ಥೆ ಮಾಡಲಾಗುವುದು.

ಸೌ. ದ್ವಾರಕಾ ಶಿವಾನಂದ


ತಡವಳ
೨೦ ಆಗಸ್ಟ್ ೧೯೭೬

ದ್ವಾರಕಾ,

ನೀನು ನನಗೆ ಇದುವರೆಗೆ ತಾವು ಎಂದು ಬರೆದಿರಲಿಲ್ಲ. ಯಾರು ಹೇಳಿ ಬರೆಸಿದರೆಂದು ನನಗೆ ತಿಳಿಯುತ್ತದೆ. ಆದರೆ ಅಕ್ಷರ ನಿನ್ನದು.

ಪತ್ರಗಳು ಇದರೊಂದಿಗೆ ಇವೆ. ಬಸಣ್ಣ ಬೇಡ ಎಂದ. ಊರವರಿಗೆ ತಿಳಿದರೆ ನನ್ನನ್ನು ಬಿಡುವುದಿಲ್ಲ. ಆದರೂ ಕಳಿಸುತ್ತಿದ್ದೇನೆ, ಬರೆದವಳು ಕೇಳಿದ್ದಾಳೆ. ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ನೀನು ಏಳನೆಯ ಇಯತ್ತೆಯಲ್ಲಿದ್ದಾಗ ಹಾಸ್ಟೆಲಿನಿಂದ ಬರೆದದ್ದು, ಜ್ವರ ಬಂದಿದೆ, ಬಾ ಎಂದು. ಅದರಲ್ಲಿ ಲಾರಿಯ ಮಾತಿಲ್ಲ. ಅವರಿಗೆ ಅದು ಬೇಕಾಗುವುದಿಲ್ಲ.

ಗಿರಿಜಾಬಾಯಿ


ಧರ್ಮಶಾಲೆ, ಅಕ್ಕಲಕೋಟ
೨೭ ಆಗಸ್ಟ್ ೧೯೭೬

ಮಾವಶಿ,

ಇದನ್ನು ಬಸಣ್ಣನ ಕೈಯಲ್ಲಿ ಕೊಡುತ್ತಿದ್ದೇನೆ. ಕಚೇರಿಯ ಅಂಗಳದಲ್ಲಿ ಸಿಕ್ಕ. ನನ್ನನ್ನು ನೋಡಿ ಮುಖ ತಿರುಗಿಸಿದ, ಆಮೇಲೆ ತಾನೇ ಬಂದು ನಿಂತ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆರನೆಯ ತಾರೀಖಿನ ನಿನ್ನ ಪತ್ರವನ್ನು ಇವರ ತಾಟಿನ ಪಕ್ಕದಲ್ಲಿ ಇಟ್ಟೆ. ಊಟ ಮುಗಿಸಿ, ಕೈ ತೊಳೆದು ಓದಿದರು. ಬಾವಿಯ ಮಾತು ನಿಮಗೆ ಗೊತ್ತಿತ್ತಲ್ಲ ಎಂದೆ. "ಗೊತ್ತಿತ್ತು. ನಿನ್ನ ಕಡಿಂದನಽ ಎರಡ ಸಲ ಓದಿಸಿದ್ನಲ್ಲ," ಎಂದರು. ತಳಕ್ಕೆ ಎರಡು ಅಡಿ ಜಿಗಿ ಮಣ್ಣು ಹಾಸಿ ಒದ್ದೆ ಮಾಡಿ ಕುಟ್ಟಿಸಿದರೆ ರಾಡಿ ಇಳಿಯುವುದಿಲ್ಲ ಎಂದು ಅವರು ಮಾವನವರಿಗೆ ಹೇಳಿದ್ದರಂತೆ. ಅದಕ್ಕೆ ಒಂದು ತಿಂಗಳು ಬೇಕು, ಅಲ್ಲಿಯವರೆಗೆ ಕಾರಖಾನೆ ನಿಲ್ಲಿಸಲು ಆಗುವುದಿಲ್ಲ ಎಂದರಂತೆ ಮಾವನವರು. ಇವರು ಸುಮ್ಮನಾದರು. ಅಷ್ಟೇ. ನಿನ್ನ ಬಾವಿ ಕೆಟ್ಟದ್ದು ಅಷ್ಟರಲ್ಲೇ.

ನನಗೇಕೆ ಹೇಳಲಿಲ್ಲ ಎಂದೆ.

"ಹೇಳಿದ್ರ ನೀ ಸುಮ್ನ ಇರ್ತಿದ್ದೇನ? ನಿನ್ನ ಹೊಟ್ಯಾಗ ಒಂದ ಮಾತು ನಿಲ್ಲೂದಿಲ್ಲ. ಮರುದಿನನಽ ತಡವಳಕ್ಕ ಪತ್ರ ಹೋಗ್ತಿತ್ತು."

ನಗುತ್ತ ಅಲ್ಲ, ಸಿಟ್ಟಿನಿಂದಲೂ ಅಲ್ಲ, ಲೆಕ್ಕ ಹೇಳುವವರ ಹಾಗೆ ಹೇಳಿದರು. ನನ್ನ ಬಾಯಿಬಡುಕತನ ಅವರಿಗೆ ಇಷ್ಟ ಎಂದು ನಾನು ತಿಳಿದಿದ್ದೆ. ಅದರ ಅಳತೆ ತೆಗೆದು ಇಟ್ಟಿದ್ದರು.

ಆಮೇಲೆ ಇಂಗ್ಲಿಷ್ ಪತ್ರದ ಕಡತ ನೋಡಬೇಕೆಂದೆ. ನಾನು ಬರೆದದ್ದಲ್ಲವೇ, ತಾವೇ ತಂದುಕೊಟ್ಟರು. ಅದರಲ್ಲಿ ನಾನು ನೋಡದ ಒಂದು ಕಾಗದವಿತ್ತು. ನಾಲಾಕ್ಕೆ ನೀರು ಬಿಡಬಾರದೆಂಬ ಮೊದಲ ನೋಟೀಸು. ಕಳೆದ ವರ್ಷದ ಮಾರ್ಚ್ ತಿಂಗಳದ್ದು. ಏಪ್ರಿಲಿನಲ್ಲಿ ಇವರು ತಡವಳಕ್ಕೆ ನನ್ನನ್ನು ನೋಡಲು ಬಂದರು, ಮೇ ತಿಂಗಳಲ್ಲಿ ಮದುವೆಯಾಯಿತು. ಸೊಲ್ಲಾಪುರದ ಕಾರಖಾನೆಯವರು ತಾಯಿ ಇಲ್ಲದ ಹುಡುಗಿಯನ್ನು ಹುಡುಕಿಕೊಂಡು ತಡವಳಕ್ಕೆ ಬಂದರಲ್ಲ ಎಂದು ನೀನು ದೇವರಿಗೆ ಎಣ್ಣೆ ಹಾಕಿ ಬಂದೆ. ಕಾಗದವನ್ನು ಅವರ ಮುಂದೆ ಹಿಡಿದು, "ನೀವು ಕನ್ಯಾ ನೋಡಾಕ ಬಂದಿದ್ರ್ಯೋ, ಖಣಿ ನೋಡಾಕ ಬಂದಿದ್ರ್ಯೋ?" ಎಂದು ಕೇಳಿದೆ.

ಕಾಗದ ತೆಗೆದುಕೊಂಡು ಮಡಚಿ ಕಡತಕ್ಕೆ ಸೇರಿಸಿದರು. "ಅಪ್ಪಾ ಖಣಿ ನೋಡಿದ್ರು. ನಾ ನಿನ್ನ ನೋಡಿದೆ," ಎಂದರು.

ಮಾವಶಿ, ಈ ಮಾತನ್ನು ನಂಬಬೇಕೆಂದು ನನಗೆ ಈಗಲೂ ಆಸೆಯಿದೆ. ನನ್ನ ಸಂಕಟವೇ ಅದು. ಅದೇ ಆಸೆಯಿಂದ ಹದಿಮೂರನೆಯ ತಾರೀಖಿನ ಪತ್ರ ಬರೆದೆ. ಇವರು ಹಿಂದೆ ನಿಂತು ಒಂದೊಂದೇ ಸಾಲು ಹೇಳಿದರು. ಬೆದರಿಸಲಿಲ್ಲ, ಕೈ ಹಿಡಿದು ಬರೆಸಲಿಲ್ಲ. ಪತ್ರಗಳು ಬಂದರೆ ಎಲ್ಲ ಸರಿಹೋಗುತ್ತದೆ, ಬಾವಿ ತೋಡಿಸಿ ಕೊಡೋಣ ಎಂದರು. ನಾನು ಬರೆದೆ. ಗಂಡನ ಮನೆ ಉಳಿಯಲಿ ಎಂದು ನಿನ್ನನ್ನು ಕೊಟ್ಟೆ. ಬೇರೆಯವರ ಮೇಲೆ ಹಾಕಲು ಇದರಲ್ಲಿ ಏನೂ ಇಲ್ಲ.

ಪೊಟ್ಟಣ ಬಂದಾಗ ಮನೆಯಲ್ಲಿ ನಾನೂ ಅತ್ತೆಯೂ ಇದ್ದೆವು. ನೀನು ವಾದಿಸಿದ್ದರೆ, ಬೈದಿದ್ದರೆ, ಕಳಿಸುವುದಿಲ್ಲ ಎಂದಿದ್ದರೆ ನನಗೆ ಹಗುರಾಗುತ್ತಿತ್ತು. ಎಲ್ಲವನ್ನೂ ಕಳಿಸಿದೆ. ಜ್ವರದ ಪತ್ರವೊಂದನ್ನು ಇಟ್ಟುಕೊಂಡೆ. ನೀನು ಹಾಗೆ ಬರೆದದ್ದನ್ನು ಓದಿ ನನಗೆ ಕೂರಲು ಆಗಲಿಲ್ಲ. ಇವರು ಸಂಜೆ ಬಂದು ಪೊಟ್ಟಣ ಕೇಳುತ್ತಾರೆ, ಕೇಳಿದರೆ ಕೊಟ್ಟುಬಿಡುತ್ತೇನೆ ಎಂದು ನನಗೆ ನನ್ನ ಬಗ್ಗೆ ಗೊತ್ತಿತ್ತು. ತಲೆ ಬಾಚಿಕೊಂಡು, ಅತ್ತೆಗೆ ಅಕ್ಕಲಕೋಟಕ್ಕೆ ಹೋಗುತ್ತೇನೆ ಎಂದು ಹೇಳಿ ಹೊರಟೆ. ದೇವರ ದರ್ಶನಕ್ಕೆಂದು ತಿಳಿದು ಅವರು ತೆಂಗಿನಕಾಯಿಗೆ ರೊಕ್ಕ ಕೊಟ್ಟರು.

ಕಚೇರಿಯ ಸಾಹೇಬರಿಗೆ ಕನ್ನಡ ಓದಲು ಬಾರದು. ಮರಾಠಿ ಮತ್ತು ಇಂಗ್ಲಿಷ್ ಮಾತ್ರ. ಹಾಗಾಗಿ ನನ್ನ ಪತ್ರಗಳನ್ನು ನಾನೇ ಒಂದೊಂದಾಗಿ ಓದಿ, ಮರಾಠಿಯಲ್ಲಿ ಹೇಳಬೇಕಾಯಿತು. ಗುಮಾಸ್ತನೊಬ್ಬ ಬರೆದುಕೊಳ್ಳುತ್ತಿದ್ದ. ಬೇಕಾದ ಸಾಲುಗಳನ್ನು ಮಾತ್ರ ಓದುತ್ತೇನೆ ಎಂದೆ, ಪೂರ್ತಿ ಓದಿ ಎಂದರು. ಪೂರ್ತಿ ಓದಿದೆ. ಕರ್ಜಿಕಾಯಿ, ಉಂಗುರ, ಬಣ್ಣದ ಕಡಾಯಿಗಳು, ನನ್ನ ಗಂಡನಂಥ ಗಂಡ ಇಲ್ಲ ಎಂಬುದು, ಎಲ್ಲ. ಒಂದು ಕಡೆ ಗುಮಾಸ್ತ ನಕ್ಕ. ಸಾಹೇಬರು ಅವನನ್ನು ನೋಡಿದರು, ಸುಮ್ಮನಾದ. ಇದೇ ಮಾತುಗಳನ್ನು ಬರೆಯುವಾಗ ನನಗೆ ಎಷ್ಟು ಸಂತೋಷವಾಗಿತ್ತು.

ಆಮೇಲೆ ಸಾಹೇಬರು ಕಡತದಿಂದ ನನ್ನ ಇಂಗ್ಲಿಷ್ ಪತ್ರ ತೆಗೆದು ಕನ್ನಡ ಪತ್ರದ ಪಕ್ಕದಲ್ಲಿ ಇಟ್ಟರು. ಎರಡೂ ನಿಮ್ಮ ಕೈಬರಹವೇ, ಯಾವುದನ್ನು ನಂಬಲಿ ಎಂದು ಕೇಳಿದರು. ಇಂಗ್ಲಿಷಿನಲ್ಲಿ ಇರುವುದು ನನ್ನಿಂದ ಬರೆಸಿದ್ದು, ಕನ್ನಡದಲ್ಲಿ ಇರುವುದು ನಾನು ಬರೆದದ್ದು ಎಂದೆ. ಅದನ್ನೇ ಬರೆದು ಸಹಿ ಮಾಡಿ ಎಂದರು. ಮಾಡಿದೆ. ಆ ಸಹಿಯ ಮೇಲೆ ಇವರ ಹೆಸರೂ ಮಾವನವರ ಹೆಸರೂ ಇವೆ. ಇನ್ನು ವಿಜಾಪುರ ರಸ್ತೆಯ ಮನೆಗೆ ನಾನು ಹೇಗೆ ಹೋಗುವುದು ಎಂದು ಗೊತ್ತಿಲ್ಲ.

ಇಲ್ಲಿ ಮೂರು ದಿನ ಇರಲು ಬಿಡುತ್ತಾರೆ. ತಡವಳದ ಬಸ್ಸು ಇದೇ ಬಾಗಿಲ ಮುಂದೆ ಹಾದು ಹೋಗುತ್ತದೆ. ಹತ್ತಲು ನನಗೆ ಮುಖವಿಲ್ಲ.

ದ್ವಾರಕಾ


ತಡವಳ
೨೯ ಆಗಸ್ಟ್ ೧೯೭೬

ದ್ವಾರಕಾ,

ಇದನ್ನು ಬಸಣ್ಣನ ಕೈಯಲ್ಲೇ ಕಳಿಸುತ್ತಿದ್ದೇನೆ. ನಿನ್ನೆ ಸಾಹೇಬರು ಜೀಪಿನಲ್ಲಿ ಬಂದಿದ್ದರು. ಬಾವಿಯ ನೀರನ್ನೂ ಖಣಿಯ ನೀರನ್ನೂ ಬಾಟಲಿಗಳಲ್ಲಿ ತುಂಬಿ ಮೇಣ ಹಚ್ಚಿ ಒಯ್ದರು. ಲಾರಿಗಳನ್ನು ನಿಲ್ಲಿಸಿದ್ದಾರೆ. ಒಳಗೆ ಬಿದ್ದದ್ದನ್ನು ಯಾರು ತೆಗೆಯುತ್ತಾರೆ ಎಂದು ಕೇಳಿದೆ, ಅದು ಆಮೇಲಿನ ಮಾತು ಎಂದರು. ಬಾವಿಯ ನೀರು ಯಾವಾಗ ತಿಳಿಯಾಗುತ್ತದೆ ಎಂದರೆ ಅವರಿಗೂ ಗೊತ್ತಿಲ್ಲ.

ನಿನ್ನ ಗಂಡ ನಿನ್ನೆ ಮಧ್ಯಾಹ್ನ ಇಲ್ಲಿಗೆ ಬಂದಿದ್ದ. ನೀನು ಇಲ್ಲ ಎಂದೆ. ಕಟ್ಟೆಯ ಮೇಲೆ ಕೂತ. ನೀರು ಕೇಳಿದ. ಊರ ನಡುವಿನ ಬಾವಿಯಿಂದ ತಂದ ಒಳ್ಳೆಯ ನೀರನ್ನೇ ಕೊಟ್ಟೆ. ಅದನ್ನು ಕುಡಿಯುವ ಮೊದಲು ಬೆಳಕಿಗೆ ಹಿಡಿದು ನೋಡಿದ. ಅವನಿಗೆ ನಾಚಿಕೆಯಾದದ್ದು ನನಗೆ ಕಂಡಿತು.

ಅವನ ಮೇಲೆ ನನಗೆ ಇರುವ ಸಿಟ್ಟು ಬೇರೆ. ಸುಳ್ಳೇ ಕಲಿಸಿದ್ದರೆ ಮರೆತುಬಿಡಬಹುದಿತ್ತು. ಕಲಿಸಿದ ಕೆಲಸ ಖರೆ ಇತ್ತು. ಕೆತ್ತಿ, ಹೂಳು ಹಾಕಿ, ಸೆಣಬು ಉತ್ತರೆ ಮಣ್ಣು ಮತ್ತೆ ಮಣ್ಣಾಗುತ್ತದೆ ಎಂದು ನಾನೇ ಮೂಸಿ ನೋಡಿದ್ದೇನೆ. ಅಷ್ಟು ಗೊತ್ತಿದ್ದವನು ಹಾಗೆ ಮಾಡಿದ. ಬಾವಿಯ ನೀರು ಹಾಯದ ಮೇಲಿನ ಪಟ್ಟಿಯನ್ನು ಬಸಣ್ಣ ಮತ್ತೆ ಕೆತ್ತುತ್ತಿದ್ದಾನೆ.

ನಿನ್ನ ಮೇಲೂ ಇದೆ. ಪತ್ರ ಹಿಂದಕ್ಕೆ ಕೇಳಿದೆಯಲ್ಲ, ಅದು ಬಾವಿಗಿಂತ ಹೆಚ್ಚು ನೋಯಿಸಿತು. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ.

ಕುಡಿಯುವ ನೀರನ್ನು ಈಗ ಊರ ನಡುವಿನ ಬಾವಿಯಿಂದ ಹೊರಬೇಕು. ನನ್ನ ಮೊಣಕಾಲು ಎರಡು ಕೊಡಕ್ಕೆ ಸೋಲುತ್ತದೆ. ಬೆಳಗಿನ ಹೊತ್ತು ಸಕ್ಕುಬಾಯಿ ಅಲ್ಲೇ ಇರುತ್ತಾಳೆ. ಎಮ್ಮೆಯ ಮಾತು ಎತ್ತುತ್ತಾಳೆ, ಹೆಣ್ಣುಮಕ್ಕಳ ಮುಂದೆ ಎತ್ತುತ್ತಾಳೆ, ದಿನಾಲೂ ಎತ್ತುತ್ತಾಳೆ. ಅವಳಿಗೆ ಉತ್ತರ ಕೊಡಬಾರದು. ಅವಳು ಅನ್ನುವುದನ್ನೆಲ್ಲ ನಿಂತು ಕೇಳಿ, ಕೊಡ ತುಂಬಿಕೊಂಡು ಮನೆಗೆ ಬರಲು ನಿನಗೆ ಆಗುವುದಾದರೆ, ನಾಳೆ ಬೆಳಗಿನ ಬಸ್ಸಿಗೆ ಬಾ.

ಗಿರಿಜಾಬಾಯಿ